ನಾಳೆ ಗಾಡಿ ಬರುತ್ತೆ, 80 ರೆಡಿ ಇಡಿ

ಜನವರಿ ಬಂತು ಅಂದ್ರೆ ಕೊಡಗಿನ ಕಾಫಿ ಆಫೀಸುಗಳಲ್ಲಿ ಫೋನಿಗೆ ಪುರುಸೊತ್ತು ಇರಲ್ಲ. ಅರೇಬಿಕಾ ಕೊಯ್ಲು ಮುಗಿಯೋ ಹೊತ್ತಿಗೆ ರೋಬಸ್ಟಾ ಹಣ್ಣಾಗಿರುತ್ತೆ, ಕಣದಲ್ಲಿ ಒಣಗ್ತಿರೋದು ಎಷ್ಟು, ಗೋಡೌನಲ್ಲಿ ಕಟ್ಟಿಟ್ಟಿರೋದು ಎಷ್ಟು, ಲಾರಿ ಎಷ್ಟೊತ್ತಿಗೆ, ನಾಳೆ ಆಳು ಎಷ್ಟು ಜನ, ಬಟವಾಡೆಗೆ ಕ್ಯಾಶ್ ತಂದಿಟ್ಟಿದ್ದೀರಾ ಇಲ್ವಾ, ಎಲ್ಲಾನೂ ಮೆಸೇಜಲ್ಲೇ ಓಡೋದು. ನಾನು ಕೆಲಸ ಮಾಡೋದು ಕುಶಾಲನಗರದ ಕಡೆ ಇಂಥದ್ದೇ ಒಂದು ಆಫೀಸಲ್ಲಿ, ಒಂದಷ್ಟು ತೋಟಗಳ ಲೆಕ್ಕ, ಸಾಗಾಟ, ಖರೀದಿದಾರರ ಜೊತೆ ಮಾತುಕತೆ ಎಲ್ಲ ನಮ್ಮ ಟೇಬಲ್ ಮೇಲೇ ಹಾದು ಹೋಗುತ್ತೆ. ಕಾಫಿ ಹೇಗೆ ಬೆಳೀಬೇಕು ಅನ್ನೋದನ್ನ ಹೇಳೋಕೆ ನನಗಿಂತ ತಿಳಿದವರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಬರೀಬೇಕು ಅಂದ್ಕೊಂಡಿದ್ದು ಈ ಮೆಸೇಜುಗಳ ಬಗ್ಗೆ. ಯಾಕಂದ್ರೆ ಮಳೆಯಿಂದ ಆದ ನಷ್ಟ, ಕಾಯಿಕೊರಕದಿಂದ ಆದ ನಷ್ಟ, ರೇಟ್ ಬಿದ್ದು ಆದ ನಷ್ಟ ಎಲ್ಲಕ್ಕೂ ಲೆಕ್ಕ ಇಡ್ತಾರೆ, ಅರ್ಧಂಬರ್ಧ ಮೆಸೇಜಿಂದ ಆಗೋ ನಷ್ಟ ಮಾತ್ರ ಯಾರ ಪುಸ್ತಕದಲ್ಲೂ ಬರೋದಿಲ್ಲ. ಅದು ಯಾರೋ ಒಬ್ಬ ರೈಟರ ತಲೆ ಮೇಲೆ ಬೀಳುತ್ತೆ, ಅವರು ಬೈಸ್ಕೊಂಡು ಸುಮ್ನಾಗ್ತಾರೆ, ಅಲ್ಲಿಗೆ ಮುಗೀತು.

ಬೇರೆ ಊರಿನವರಿಗೆ ಗೊತ್ತಿರ್ಲಿ ಅಂತ ಹೇಳ್ತೀನಿ, ತೋಟದಲ್ಲಿ ರೈಟರ್ ಅಂದ್ರೆ ಹಾಜರಿ ಬರೆದು, ಲೆಕ್ಕ ಇಟ್ಟು, ದಿನದ ಕೆಲಸ ಹಂಚೋರು. ಅವರ ಮೇಲೆ ಸಾವ್ಕಾರ್ರು, ಇಲ್ಲಾ ಕಂಪನಿ ತೋಟ ಆದ್ರೆ ಮ್ಯಾನೇಜರ್ರು. ಅವರ ಕೆಳಗೆ ಮೇಸ್ತ್ರಿ, ಮೇಸ್ತ್ರಿ ಕೆಳಗೆ ಲೈನ್ ಮನೆಯ ಆಳುಗಳು. ಮೇಲಿಂದ ಬರೋ ಮಾತೆಲ್ಲ ರೈಟರ ಮೂಲಕವೇ ಕೆಳಗೆ ಇಳೀಬೇಕು, ಕೆಳಗಿನ ಸಮಾಚಾರ ಎಲ್ಲ ಅವರ ಮೂಲಕವೇ ಮೇಲೆ ಹತ್ತಬೇಕು.

ಈಗ ಒಂದು ಮೆಸೇಜ್ ನೋಡೋಣ. ನಿಜವಾಗ್ಲೂ ಬಂದಿದ್ದೇ, ಯಾವ ತೋಟ ಅನ್ನೋದು ಬೇಡ. ಸಾಯಂಕಾಲ ಹೊತ್ತು ಮುಳುಗಿದ ಮೇಲೆ ಮೇಲಿನವರಿಂದ ರೈಟರಿಗೆ ಹೋಗಿದ್ದು: "ನಾಳೆ ಗಾಡಿ ಬರುತ್ತೆ, 80 ರೆಡಿ ಇಡಿ." ರೈಟರ್ ಹೆಬ್ಬೆರಳು ಎತ್ತಿ ತೋರ್ಸೋ ಒಂದು ಚಿತ್ರ ಹಾಕಿದ್ರು. ಎರಡೂ ಕಡೆಯವರಿಗೆ ಸಮಾಧಾನ. ಮಾರನೇ ದಿನ ಗಾಡಿ ಬಂತು, 80 ಚೀಲ ರೋಬಸ್ಟಾ ಚೆರಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು, ಲೋಡ್ ಆಯ್ತು, ಗಾಡಿ ಕುಶಾಲನಗರ ಮುಟ್ಟಿದ ಮೇಲೆ ಗೊತ್ತಾಯ್ತು, ಖರೀದಿದಾರರಿಗೆ ಬೇಕಾಗಿದ್ದು ಹಣ್ಣಿನ ಸಿಪ್ಪೆಯನ್ನ ಪಲ್ಪರ್ ಯಂತ್ರದಲ್ಲಿ ಬಿಡಿಸಿ, ತೊಳೆದು ಒಣಗಿಸಿದ ರೋಬಸ್ಟಾ ಪಾರ್ಚ್‌ಮೆಂಟ್. ಲೋಡಿಂಗ್ ಕೂಲಿ ಎರಡೆರಡು ಸಲ, ಲಾರಿ ಬಾಡಿಗೆ ಇನ್ನೊಂದು ಟ್ರಿಪ್ಪಿಂದು, ಖರೀದಿದಾರರ ಹತ್ರ ಕೊಟ್ಟ ಮಾತು ಒಂದು ದಿನ ತಡ. ಆಮೇಲೆ ಫೋನಲ್ಲಿ ನಡೆದ ಮಾತು ಏನು ಅಂದ್ರೆ, "ಮೊನ್ನೆನೇ ಹೇಳಿದ್ನಲ್ಲ ಪಾರ್ಚ್‌ಮೆಂಟ್ ಕಳಿಸ್ಬೇಕು ಅಂತ, ಅಷ್ಟೂ ಗೊತ್ತಾಗಲ್ವಾ ನಿಮಗೆ?"

ಮೊನ್ನೆ ಹೇಳಿದ್ದು ನಿಜ. ಆದ್ರೆ ಮೊನ್ನೆ ಹೇಳಿದ್ದು ಬೇರೆ ಲೋಡಿನ ಬಗ್ಗೆ ಅಂತ ರೈಟರ್ ತಿಳ್ಕೊಂಡಿದ್ರು, ಅದೂ ಅವರ ಮಟ್ಟಿಗೆ ನ್ಯಾಯವೇ, ಯಾಕಂದ್ರೆ ಅವರ ಗೋಡೌನಲ್ಲಿ ಹೊರಡೋಕೆ ತಯಾರಾಗಿ ಬಾಗಿಲ ಹತ್ರ ಇದ್ದಿದ್ದೇ ಚೆರಿ.

ಆ ಮೆಸೇಜನ್ನ ಬಿಡಿಸಿ ನೋಡಿ. ನಾಳೆ ಅಂದ್ರೆ ಬೆಳಿಗ್ಗೆಯಾ ಮಧ್ಯಾಹ್ನವಾ ಗೊತ್ತಿಲ್ಲ, ಹಾಗಾಗಿ ಎಷ್ಟು ಆಳು ಕೊಯ್ಲು ಬಿಟ್ಟು ಗೋಡೌನ್ ಹತ್ರ ಕಾಯ್ಬೇಕು ಅನ್ನೋದು ಗೊತ್ತಿಲ್ಲ. ಗಾಡಿ ನಮ್ಮದಾ, ಖರೀದಿದಾರರು ಕಳಿಸೋದಾ ಗೊತ್ತಿಲ್ಲ, ಹಾಗಾಗಿ ಬಾಡಿಗೆ ಯಾರು ಕೊಡೋದು, ತೂಕ ಎಲ್ಲಿ ಹಾಕ್ಸೋದು ಗೊತ್ತಿಲ್ಲ. 80 ಅಂದ್ರೆ ಚೀಲ ಅಂತ ಊಹೆ ಮಾಡಬಹುದು, ಯಾವ ಕಾಫಿ ಅಂತ ಊಹೆ ಮಾಡೋಕಾಗಲ್ಲ. ರೆಡಿ ಇಡಿ ಅಂದ್ರೆ ಮಾಯಿಶ್ಚರ್ ನೋಡಿ ಇಡಬೇಕಾ, ಬರೀ ಬಾಯಿ ಹೊಲಿದು ಇಟ್ರೆ ಸಾಕಾ? ಇಷ್ಟೂ ಕಳಿಸಿದವರ ತಲೇಲಿ ಸ್ಪಷ್ಟವಾಗಿತ್ತು. ಬೆಳಿಗ್ಗೆಯಿಂದ ಅದೇ ಡೀಲ್ ಬಗ್ಗೆ ಹತ್ತಾರು ಫೋನ್ ಮಾತಾಡಿ, ರೇಟ್ ಕುದುರಿಸಿ, ಕೊನೇಗೆ ಆ ಮೆಸೇಜ್ ಟೈಪ್ ಮಾಡಿದ್ದು. ಅವರಿಗೆ ಆ ನಾಲ್ಕಾರು ಪದದಲ್ಲಿ ಇಡೀ ದಿನ ಕಾಣ್ತಾ ಇತ್ತು. ರೈಟರಿಗೆ ಕಂಡಿದ್ದು ಪದಗಳು ಮಾತ್ರ.

ಇದಕ್ಕೆ ಒಂದು ಚೆಂದದ ಪ್ರಯೋಗ ಇದೆ. 1990ರಲ್ಲಿ ಸ್ಟ್ಯಾನ್‌ಫರ್ಡ್ ಯುನಿವರ್ಸಿಟಿಲಿ ಎಲಿಜಬೆತ್ ನ್ಯೂಟನ್ ಅನ್ನೋ ವಿದ್ಯಾರ್ಥಿನಿ ತಮ್ಮ ಪಿಎಚ್‌ಡಿಗಾಗಿ ಮಾಡಿದ್ದು. ಕೆಲವರಿಗೆ ಎಲ್ರಿಗೂ ಗೊತ್ತಿರೋ ಹಾಡುಗಳ ತಾಳವನ್ನ ಬೆರಳಲ್ಲಿ ಮೇಜಿನ ಮೇಲೆ ಬಡೀರಿ ಅಂದ್ರು, ಎದುರಿಗೆ ಕೂತವರು ಅದು ಯಾವ ಹಾಡು ಅಂತ ಹೇಳಬೇಕು. ಬಡಿಯೋರು ಅಂದ್ಕೊಂಡಿದ್ದು, ಅರ್ಧದಷ್ಟಾದ್ರೂ ಗುರುತಿಸ್ತಾರೆ ಅಂತ. 120 ಹಾಡಲ್ಲಿ ಕೇಳೋರಿಗೆ ಗೊತ್ತಾಗಿದ್ದು ಬರೀ 3. ಬಡಿಯೋರ ತಲೇಲಿ ಪೂರ್ತಿ ಹಾಡು ಓಡ್ತಾ ಇರುತ್ತೆ, ಕೇಳೋರಿಗೆ ಬರೀ ಟಕ್ ಟಕ್ ಅನ್ನೋ ಶಬ್ದ. ನನಗೆ ಈ ಪ್ರಯೋಗ ಓದಿದಾಗ ಅನ್ನಿಸಿದ್ದು, ನಮ್ಮ ಆಫೀಸಿನ ಮುಕ್ಕಾಲು ಪಾಲು ಮೆಸೇಜು ಇದೇ, ಮೇಜು ಬಡಿಯೋ ಸದ್ದು.

ಸಂವಹನದ ಬಗ್ಗೆ ಯಾವ ಮ್ಯಾನೇಜ್‌ಮೆಂಟ್ ಕೋರ್ಸ್ ತಗೊಂಡ್ರೂ ಒಂದು ಚಿತ್ರ ಬರುತ್ತೆ: ಕಳಿಸೋರು, ಸಂದೇಶ, ದಾರಿ, ನಡುವೆ ಗದ್ದಲ, ಕೊನೇಲಿ ಪಡೆಯೋರು. ಇದರ ಬೇರು 1948ರಲ್ಲಿ ಬೆಲ್ ಲ್ಯಾಬ್ಸಿನ ಕ್ಲಾಡ್ ಶಾನನ್ ಬರೆದ ಪೇಪರಲ್ಲಿದೆ. ಅವರಿಗೆ ಬೇಕಾಗಿದ್ದು ಟೆಲಿಫೋನ್ ತಂತಿಲಿ ಒಂದು ತುದಿಯ ಸಿಗ್ನಲ್ ಇನ್ನೊಂದು ತುದಿಗೆ ಹಾಗ್ಹಾಗೇ ಮುಟ್ಟೋದು ಹೇಗೆ ಅನ್ನೋದು. ಸಂದೇಶದ ಅರ್ಥ ಏನು ಅನ್ನೋದು ತಮ್ಮ ಎಂಜಿನಿಯರಿಂಗ್ ಸಮಸ್ಯೆಗೆ ಸಂಬಂಧಪಟ್ಟಿದ್ದಲ್ಲ ಅಂತ ಅವರೇ ಶುರುವಲ್ಲೇ ಬರೆದಿದ್ದಾರೆ. ಆಮೇಲೆ ಬಂದವರು ಅದೇ ಚಿತ್ರಕ್ಕೆ ವಾಪಸ್ ಬರೋ ಒಂದು ಬಾಣ ಸೇರಿಸಿ ಮನುಷ್ಯರ ಮಾತಿಗೂ ಅನ್ವಯಿಸಿದ್ರು. ನನ್ನ ಅಭಿಪ್ರಾಯದಲ್ಲಿ ಕೆಲಸದ ಜಾಗದಲ್ಲಿ ಮುಖ್ಯವಾದದ್ದು ಆ ವಾಪಸ್ ಬರೋ ಬಾಣ ಒಂದೇ, ಮಿಕ್ಕಿದ್ದೆಲ್ಲ ಫೋನ್ ಕಂಪನಿ ನೋಡ್ಕೊಳ್ಳುತ್ತೆ. ವಾಟ್ಸಾಪ್ 2014ರಲ್ಲಿ ನೀಲಿ ಗೆರೆ ತಂದ ಮೇಲಂತೂ ಶಾನನ್ ಹೇಳಿದ ಕೆಲಸ ಪೂರ್ತಿ ಆಗಿದೆ, ಮುಟ್ಟಿದೆ, ತೆರೆದು ನೋಡಿದ್ದಾರೆ, ಎರಡೂ ಗೊತ್ತಾಗುತ್ತೆ. ಅರ್ಥ ಆಯ್ತಾ ಅನ್ನೋದಕ್ಕೆ ಯಾವ ಬಣ್ಣದ ಗೆರೆನೂ ಇಲ್ಲ. ಆದ್ರೂ ನಾವು ನೀಲಿ ನೋಡಿದ ತಕ್ಷಣ ನಮ್ಮ ಕೆಲಸ ಮುಗೀತು ಅಂತ ಫೋನ್ ಜೇಬಿಗೆ ಹಾಕ್ತೀವಿ.

ಕಳಿಸೋರಿಗೆ ತಮ್ಮ ಮಾತಿನ ಮೇಲೆ ಎಷ್ಟು ನಂಬಿಕೆ ಇರುತ್ತೆ ಅಂತ ಅಳೆದವರೂ ಇದ್ದಾರೆ. 2005ರಲ್ಲಿ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತವರ ಜೊತೆಯವರು ಇಮೇಲ್ ಬಗ್ಗೆ ಮಾಡಿದ ಅಧ್ಯಯನ. ಒಂದು ವಾಕ್ಯನ ಗಂಭೀರವಾಗಿ ಹೇಳಿದ್ದಾ, ಕೊಂಕಾಗಿ ಹೇಳಿದ್ದಾ ಅಂತ ಓದೋರು ಕಂಡುಹಿಡೀಬೇಕು. ಬರೆದವರು ನೂರಕ್ಕೆ ಸುಮಾರು 78 ಸಲ ಸರಿಯಾಗಿ ಹಿಡೀತಾರೆ ಅಂದ್ಕೊಂಡಿದ್ರು, ಓದಿದವರು ಹಿಡಿದಿದ್ದು ಸುಮಾರು 56. ಅಂದ್ರೆ ನಾಣ್ಯ ಚಿಮ್ಮಿ ಹೇಳಿದ್ರೆ ಎಷ್ಟು ಸರಿ ಬರ್ತಿತ್ತೋ ಅದಕ್ಕಿಂತ ಸ್ವಲ್ಪವೇ ಜಾಸ್ತಿ.

ನಮ್ಮ ಮಾತಿನ ರೀತಿಲೂ ಒಂದು ತೊಡಕಿದೆ, ಅದನ್ನ ಯಾವ ಕೋರ್ಸಲ್ಲೂ ಹೇಳಲ್ಲ. ಕನ್ನಡದಲ್ಲಿ ಯಾರು ಅನ್ನೋದನ್ನ ಬಿಟ್ಟು ಮಾತಾಡೋಕೆ ಬರುತ್ತೆ. ಹೇಳಿದ್ದಾರೆ, ಕಳಿಸಿದ್ದಾರೆ, ಬರ್ತಾರಂತೆ, ಕೊಡಬೇಕಂತೆ. ಎದುರಾಎದುರು ಕೂತಾಗ ಇದು ಚೆನ್ನಾಗೇ ನಡೆಯುತ್ತೆ, ಕಣ್ಣಲ್ಲಿ, ಕೈಲಿ ತೋರಿಸ್ತೀವಿ, ಅನುಮಾನ ಬಂದ್ರೆ ಮುಖ ನೋಡಿದ್ರೆ ಗೊತ್ತಾಗುತ್ತೆ. ಅದನ್ನೇ ಟೈಪ್ ಮಾಡಿದಾಗ ಮನುಷ್ಯ ಮಾಯ. "ಸ್ಯಾಂಪಲ್ ಕೊಟ್ಟಾಗಿದೆ, ನೋಡಿ ಹೇಳ್ತಾರಂತೆ." ಯಾರು ಕೊಟ್ರು, ಯಾರಿಗೆ ಕೊಟ್ರು, ಯಾವತ್ತು ಹೇಳ್ತಾರೆ? ಇನ್ನು ಕಾಗದದ ಕನ್ನಡ ಇದಕ್ಕೂ ಕಷ್ಟ. ಕ್ರಮ ಕೈಗೊಳ್ಳಲಾಗುವುದು, ಪರಿಶೀಲಿಸಲಾಗುತ್ತಿದೆ, ಗಮನಕ್ಕೆ ತರಲಾಗಿದೆ ಅಂತ ಬರೆದ ವಾಕ್ಯದಲ್ಲಿ ಕೆಲಸ ಮಾಡಬೇಕಾದವರು ಒಬ್ರೂ ಇರಲ್ಲ. ಹಾಗೇ ಇಂಗ್ಲಿಷಿನ ಪ್ಲೀಸ್ ಡೂ ದ ನೀಡ್‌ಫುಲ್. ನಮ್ಮ ಆಫೀಸಿಗೆ ಬರೋ ಹೊಸ ಹುಡುಗ ಹುಡುಗಿಯರು, ಮಡಿಕೇರಿಲೋ ಗೋಣಿಕೊಪ್ಪದಲ್ಲೋ ಬಿಕಾಂ ಮುಗಿಸಿದವರು, ಮಾತಾಡುವಾಗ ಎಷ್ಟು ಚುರುಕಾಗಿ, ಸ್ಪಷ್ಟವಾಗಿ ವಿಷಯ ಹೇಳ್ತಾರೆ, ಇಮೇಲ್ ಬರೀರಿ ಅಂದ ತಕ್ಷಣ ಆ ಇಂಗ್ಲಿಷ್ ಅಂಗಿ ಹಾಕ್ಕೊಂಡು ಉಸಿರು ಕಟ್ಟಿದ ಹಾಗೆ ಬರೀತಾರೆ. ನಾನು ಅವರಿಗೆ ಹೇಳೋದು, ಮೊದಲು ನನಗೆ ಬಾಯಲ್ಲಿ ಹೇಳು, ಈಗ ಹೇಳಿದ್ದನ್ನೇ ಬರಿ, ಕನ್ನಡದಲ್ಲೇ ಬರಿ, ಬೆಂಗಳೂರಿನ ಪಾರ್ಟಿಗೆ ಇಂಗ್ಲಿಷ್ ಬೇಕಾದ್ರೆ ಆಮೇಲೆ ಮಾಡೋಣ. ಹಾಗೆ ಬರೆದದ್ದು ಮೂರು ಸಾಲಿಗೆ ಮುಗಿಯುತ್ತೆ, ಓದಿದವರು ಫೋನ್ ಮಾಡಿ ವಿವರ ಕೇಳೋ ಅಗತ್ಯ ಬರಲ್ಲ.

ಭಾಷೆ ಅಂದಮೇಲೆ ಕೊಡಗಿನ ವಿಷಯ ಹೇಳಲೇಬೇಕು. ನಮ್ಮಲ್ಲಿ ಒಂದು ಸೂಚನೆ ಸಾವ್ಕಾರ್ರ ಮನೆಯಿಂದ ಗಿಡದ ಬುಡಕ್ಕೆ ಮುಟ್ಟೋದ್ರೊಳಗೆ ಮೂರ್ನಾಲ್ಕು ಭಾಷೆ ದಾಟುತ್ತೆ. ಸಾವ್ಕಾರ್ರು ಮನೇಲಿ ಕೊಡವ ತಕ್ಕ್ ಇಲ್ಲಾ ಅರೆಭಾಷೆ ಮಾತಾಡೋರು, ಆಫೀಸಿಗೆ ಇಂಗ್ಲಿಷಲ್ಲಿ ಕಳಿಸ್ತಾರೆ, ರೈಟರ್ ಕನ್ನಡದಲ್ಲಿ ತಗೋತಾರೆ, ಮೇಸ್ತ್ರಿ ಮಲಯಾಳವೋ ತಮಿಳೋ ಮನೆಮಾತಿನವರು, ಈಗ ಕೊಯ್ಲಿಗೆ ಬರೋರಲ್ಲಿ ಅಸ್ಸಾಂ ಕಡೆಯವರು ತುಂಬಾ ಜನ, ಅವರ ಹತ್ರ ಅರ್ಧ ಹಿಂದಿ. ಇಷ್ಟು ದಾಟೋದ್ರಲ್ಲಿ ಏನು ಮೊದಲು ಉದುರುತ್ತೆ ಅಂತ ಗಮನಿಸಿದ್ದೀನಿ. ಕೆಲಸ ಉದುರಲ್ಲ, ಕಾರಣ ಉದುರುತ್ತೆ. "ಹಣ್ಣು ಮಾತ್ರ ಕೊಯ್ಯಿರಿ, ಹಸಿರು ಬೆರೆತ್ರೆ ಪಲ್ಪರಲ್ಲಿ ಸಿಪ್ಪೆ ಸರಿಯಾಗಿ ಬಿಡಲ್ಲ, ನೆಲಕ್ಕೆ ಬಿದ್ದಿದ್ದನ್ನೂ ಹೆಕ್ಕಿ ಬೇರೆ ಚೀಲಕ್ಕೆ ಹಾಕಿ, ಅದರಲ್ಲಿ ಕಾಯಿಕೊರಕ ಇರುತ್ತೆ" ಅಂತ ಮೇಲಿಂದ ಹೊರಟ ಮಾತು, ರೈಟರ್ ಹತ್ರ "ಹಣ್ಣು ಮಾತ್ರ, ಬಿದ್ದಿದ್ದು ಬೇರೆ ಚೀಲ" ಆಗುತ್ತೆ, ಮೇಸ್ತ್ರಿ ಹತ್ರ "ಎರಡು ಚೀಲ" ಆಗುತ್ತೆ. ಕೊನೇಲಿ ಇರೋರಿಗೆ ಎರಡು ಚೀಲ ಯಾಕೆ ಅಂತ ಗೊತ್ತಿಲ್ಲ. ಸಂಜೆ ತೂಕ ಹಾಕೋಕೆ ತಡ ಆಯ್ತು ಅಂತ ಎರಡನ್ನೂ ಒಂದಕ್ಕೆ ಸುರಿದ್ರೆ ಅವರ ಮಟ್ಟಿಗೆ ಏನೂ ಆಗಿಲ್ಲ, ಹೇಗೂ ಕೆಜಿ ಲೆಕ್ಕ ತಾನೇ? ಕಾರಣ ಗೊತ್ತಿದ್ರೆ ಅದೇ ಮನುಷ್ಯ ತಾನಾಗೇ ಬೇರೆ ಇಡ್ತಾನೆ, ಚೀಲ ಸಿಗದಿದ್ರೆ ಬುಟ್ಟಿಲಾದ್ರೂ ಇಡ್ತಾನೆ. ಅದಕ್ಕೇ ನನಗೆ ಅನ್ಸೋದು, ಮೆಸೇಜ್ ಚಿಕ್ಕದಾಗ್ಲಿ ಅಂತ ಯಾಕೆ ಅನ್ನೋ ಒಂದು ಸಾಲನ್ನ ಕತ್ತರಿಸೋದು ದೊಡ್ಡ ನಷ್ಟದ ಉಳಿತಾಯ.

ಅಳತೆ ವಿಷಯದಲ್ಲಂತೂ ಇನ್ನೂ ಹುಷಾರು ಬೇಕು. ಮುಂಗಾರಿಗೆ ಮುಂಚೆ ಬೋರ್ಡೋ ಅನ್ನೋ ಮೈಲುತುತ್ತ, ಸುಣ್ಣದ ಔಷಧಿ ಹೊಡೆಯೋ ಕಾಲದಲ್ಲಿ ಮೇಲಿಂದ ಬರೋದು "ಒಂದು ಪರ್ಸೆಂಟ್ ಹೊಡೀರಿ" ಅಂತ. ಔಷಧಿ ಕಲಸೋರ ಮುಂದೆ ಇರೋದು ಪರ್ಸೆಂಟ್ ಅಲ್ಲ, 200 ಲೀಟರಿನ ಡ್ರಮ್ಮು. ಒಂದು ಪರ್ಸೆಂಟ್ ಅಂದ್ರೆ ಆ ಡ್ರಮ್ಮಿಗೆ 2 ಕೆಜಿ ಮೈಲುತುತ್ತ, 2 ಕೆಜಿ ಸುಣ್ಣ. ಅರ್ಧ ಪರ್ಸೆಂಟ್ ಅಂದ್ರೆ ಒಂದೊಂದು ಕೆಜಿ. ಹೇಳೋರು ಆ ಲೆಕ್ಕ ಮಾಡಿ ಡ್ರಮ್ಮಿಗೆ ಇಷ್ಟು ಕೆಜಿ ಅಂತ ಕಳಿಸೋಕೆ ಅರ್ಧ ನಿಮಿಷ ಬೇಡ, ಕೆಳಗೆ ಒಬ್ಬರು ತಪ್ಪು ಲೆಕ್ಕ ಹಾಕಿದ್ರೆ ಇಡೀ ಬ್ಲಾಕ್ ತಪ್ಪು ಔಷಧಿ. ರೇಟ್ ಮೆಸೇಜ್ ಕೂಡ ಹಂಗೇ. ಲಂಡನ್ನಲ್ಲಿ ರೋಬಸ್ಟಾ ಟನ್ನಿಗೆ ಡಾಲರ್ ಲೆಕ್ಕ, ನ್ಯೂಯಾರ್ಕಲ್ಲಿ ಅರೇಬಿಕಾ ಪೌಂಡಿಗೆ ಸೆಂಟ್ಸ್ ಲೆಕ್ಕ, ನಮ್ಮಲ್ಲಿ 50 ಕೆಜಿ ಚೀಲಕ್ಕೆ ರೂಪಾಯಿ, ಅದರಲ್ಲೂ ಚೆರಿಗೆ ಓಟಿ (ಔಟ್‌ಟರ್ನ್) ಲೆಕ್ಕ ಬೇರೆ, ಅಂದ್ರೆ ಒಂದು ಚೀಲದಿಂದ ಎಷ್ಟು ಕೆಜಿ ಬೇಳೆ ಬರುತ್ತೋ ಅದಕ್ಕೆ ರೇಟ್. ಉದಾಹರಣೆಗೆ ಓಟಿಗೆ 350 ಅಂತಿಟ್ಕೊಳ್ಳಿ, 28 ಬಂದ್ರೆ ಚೀಲಕ್ಕೆ 9,800, 26 ಬಂದ್ರೆ 9,100. ಚೀಲಕ್ಕೆ ಎಷ್ಟು ಅಂತ ಮಾತಾಗಿದೆಯಾ, ಓಟಿಗೆ ಎಷ್ಟು ಅಂತ ಮಾತಾಗಿದೆಯಾ ಅನ್ನೋದು ಬರೆದಿಲ್ಲ ಅಂದ್ರೆ ಒಂದು ಲೋಡಲ್ಲಿ ಜಗಳ ಗ್ಯಾರಂಟಿ. ಇದು ಸಣ್ಣವರ ಸಮಸ್ಯೆ ಅಂದ್ಕೋಬೇಡಿ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹದ ಹತ್ರ ಹೋಗಿ ಕಳೆದುಹೋಗಿದ್ದು ಹೀಗೇ, ಒಂದು ತಂಡದ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಡ್ತಿತ್ತು, ಇನ್ನೊಂದು ಕಡೆ ಅದನ್ನ ನ್ಯೂಟನ್ ಲೆಕ್ಕ ಅಂತ ತಗೊಂಡ್ರು.

ಮಳೆಗಾಲದಲ್ಲಿ ಇನ್ನೊಂದು ತರದ ತೊಂದರೆ. ಜೂನ್ ಜುಲೈನಲ್ಲಿ ಗಾಳಿಗೆ ಮರ ಬಿದ್ದು ಲೈನ್ ಹೋದ್ರೆ ಭಾಗಮಂಡಲ, ನಾಪೋಕ್ಲು ಕಡೆ ದಿನಗಟ್ಟಲೆ ಕರೆಂಟ್ ಇರಲ್ಲ, ಟವರ್ ಬ್ಯಾಟರಿ ಮುಗಿದ ಮೇಲೆ ನೆಟ್‌ವರ್ಕ್ ಕೂಡ ಇರಲ್ಲ. ಸಿಗ್ನಲ್ ಬಂದ ಕೂಡಲೇ ಎರಡು ದಿನದ ಮೆಸೇಜ್ ಒಟ್ಟಿಗೆ ಬಂದು ಬೀಳುತ್ತೆ, ಅದರಲ್ಲಿ "ನಾಳೆ ಬರಬೇಡಿ" ಅಂತ ಒಂದು ಇರುತ್ತೆ. ಯಾವ ನಾಳೆ? ಅದಕ್ಕೆ ನಮ್ಮಲ್ಲಿ ಈಗ ಇವತ್ತು, ನಾಳೆ, ನಾಡಿದ್ದು ಅನ್ನೋದನ್ನ ಬಿಟ್ಟು ತಾರೀಕು, ವಾರ ಎರಡೂ ಹಾಕ್ತೀವಿ. 2018ರ ಆಗಸ್ಟಲ್ಲಿ ಗುಡ್ಡ ಕುಸಿದಾಗ ಇಲ್ಲಿದ್ದ ಎಲ್ರಿಗೂ ನೆನಪಿದೆ, ತಾರೀಕಿಲ್ಲದ, ಊರಿನ ಹೆಸರಿಲ್ಲದ ಫಾರ್ವರ್ಡ್ ಒಂದು ಬಂದ್ರೆ ಎದೆ ಎಷ್ಟು ಹೊಡ್ಕೊಳ್ತಿತ್ತು ಅಂತ. ಕೆಲಸದ ಮೆಸೇಜಿಗೂ ಅದೇ ಶಿಸ್ತು ಬೇಕು.

ಆದ್ರೆ ಇಷ್ಟೆಲ್ಲ ಸರಿಯಾಗಿ ಬರೆದ್ರೂ ಸಾಲಲ್ಲ, ನಾನು ಇಷ್ಟುದ್ದ ಬರೆಯೋಕೆ ಕೂತಿದ್ದೇ ಮುಂದಿನದನ್ನ ಹೇಳೋಕೆ. 1977ರ ಮಾರ್ಚ್ 27, ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದಿದ್ರಿಂದ ಅಲ್ಲಿಗೆ ಹೋಗಬೇಕಿದ್ದ ವಿಮಾನಗಳೆಲ್ಲ ಇಲ್ಲಿಗೆ ಬಂದು ನಿಂತಿದ್ವು, ಮೇಲಿಂದ ಮಂಜು ಇಳೀತು, ನಮ್ಮ ಮಡಿಕೇರಿ ಮಂಜಿನ ತರ ಮುಂದಿರೋದೇ ಕಾಣಲ್ಲ. ಕೆಎಲ್‌ಎಂ ಕಂಪನಿಯ ಜಂಬೋ ವಿಮಾನ ರನ್‌ವೇ ತುದೀಲಿ, ಪ್ಯಾನ್ ಆಮ್‌ನ ಇನ್ನೊಂದು ಜಂಬೋ ಅದೇ ರನ್‌ವೇ ಮೇಲೆ ನಿಧಾನಕ್ಕೆ ಬರ್ತಾ ಇದೆ. ಕೆಎಲ್‌ಎಂನವರು ರೇಡಿಯೋದಲ್ಲಿ ತಾವು ಟೇಕಾಫಲ್ಲಿದ್ದೀವಿ ಅನ್ನೋ ಅರ್ಥದ ಮಾತು ಹೇಳಿದ್ರು. ಟವರಿನವರು ಅದನ್ನ ಟೇಕಾಫಿಗೆ ತಯಾರಾಗಿ ನಿಂತಿದ್ದಾರೆ ಅಂತ ತಿಳ್ಕೊಂಡು ಓಕೆ ಅಂದ್ರು, ಆಮೇಲೆ ಕಾಯಿರಿ, ನಾನು ಕರೀತೀನಿ ಅಂದ್ರು. ಅದೇ ಕ್ಷಣಕ್ಕೆ ಪ್ಯಾನ್ ಆಮ್‌ನವರು ನಾವಿನ್ನೂ ರನ್‌ವೇ ಮೇಲಿದ್ದೀವಿ ಅಂತ ಕೂಗಿದ್ರು. ಎರಡು ಧ್ವನಿ ಒಂದರ ಮೇಲೊಂದು ಬಿದ್ದು ಕೆಎಲ್‌ಎಂ ಕಾಕ್‌ಪಿಟ್ಟಲ್ಲಿ ಕೇಳಿಸಿದ್ದು ಓಕೆ, ಅದರ ಹಿಂದೆ ಒಂದು ಸಿಳ್ಳಿನಂಥ ಸದ್ದು. 583 ಜನ ಸತ್ತರು.

ಇದರಲ್ಲಿ ನನ್ನನ್ನ ಬಿಡದೆ ಕಾಡೋದು ಮಂಜೂ ಅಲ್ಲ, ರೇಡಿಯೋನೂ ಅಲ್ಲ. ವಿಮಾನ ಓಡೋಕೆ ಶುರುವಾದ ಮೇಲೆ ಕೆಎಲ್‌ಎಂ ಕಾಕ್‌ಪಿಟ್ಟಲ್ಲೇ ಇದ್ದ ಫ್ಲೈಟ್ ಎಂಜಿನಿಯರ್ ಕೇಳಿದ್ರು, ಆ ಪ್ಯಾನ್ ಆಮ್ ಇನ್ನೂ ದಾರಿ ಬಿಟ್ಟಿಲ್ವಾ ಅಂತ. ಕ್ಯಾಪ್ಟನ್ನು ಕಂಪನಿಯ ಅತಿ ಹಿರಿಯ ಪೈಲಟ್ಟುಗಳಲ್ಲಿ ಒಬ್ಬರು, ಬೇರೆಯವರಿಗೆ ತರಬೇತಿ ಕೊಡೋರು. ಬಿಟ್ಟಿದ್ದಾರೆ ಅಂತ ಒತ್ತಿ ಹೇಳಿದ್ರು. ಎಂಜಿನಿಯರ್ ಮತ್ತೆ ಮಾತಾಡಲಿಲ್ಲ. ಸರಿಯಾದ ಪ್ರಶ್ನೆ ಸರಿಯಾದ ಹೊತ್ತಿಗೆ ಬಂದಿತ್ತು, ಅದನ್ನ ಇನ್ನೊಂದು ಸಲ ಕೇಳೋ ಧೈರ್ಯಕ್ಕೆ ಜಾಗ ಇರಲಿಲ್ಲ.

ಆಮೇಲೆ ವಿಮಾನಯಾನದಲ್ಲಿ ನಿಯಮಗಳು ಬದಲಾದ್ವು. ಟೇಕಾಫ್ ಅನ್ನೋ ಪದ ಅನುಮತಿ ಕೊಡುವಾಗ, ಇಲ್ಲಾ ವಾಪಸ್ ತಗೊಳ್ಳುವಾಗ ಮಾತ್ರ ಬಳಸಬೇಕು ಅಂತ ಆಯ್ತು. ಸೂಚನೆ ಬಂದಾಗ ಬರೀ ಓಕೆ ಅನ್ನೋ ಹಾಗಿಲ್ಲ, ಮುಖ್ಯ ಭಾಗವನ್ನ ವಾಪಸ್ ಓದಿ ಹೇಳಬೇಕು ಅನ್ನೋದು ಬಿಗಿಯಾಯ್ತು. 1979ರಲ್ಲಿ ನಾಸಾ ಕರೆದ ಒಂದು ಕಾರ್ಯಾಗಾರದಿಂದ ಶುರುವಾಗಿ, ಕಿರಿಯರು ಹಿರಿಯರನ್ನ ಪ್ರಶ್ನೆ ಮಾಡೋದನ್ನ ಕಲಿಸೋ, ಅದಕ್ಕಿಂತ ಹೆಚ್ಚಾಗಿ ಹಿರಿಯರು ಆ ಪ್ರಶ್ನೆ ಕೇಳಿಸ್ಕೊಳ್ಳೋದನ್ನ ಕಲಿಸೋ ತರಬೇತಿ ವಿಮಾನ ಕಂಪನಿಗಳಲ್ಲಿ ಬಂತು.

ಈಗ ನಮ್ಮ ತೋಟಕ್ಕೆ ಬನ್ನಿ. ನಮ್ಮಲ್ಲಿ ದೊಡ್ಡವರು ಹೇಳಿದ್ದಕ್ಕೆ ತಿರುಗಿ ಕೇಳೋದು ಮರ್ಯಾದೆ ಅಲ್ಲ ಅಂತ ಬೆಳೆದವರೇ ಎಲ್ಲಾ. "ಯಾವ ಕಾಫಿ ಸಾರ್?" ಅಂತ ರೈಟರ್ ಕೇಳಬಹುದಿತ್ತಲ್ಲ ಅಂತ ಎಲ್ರೂ ಅಂತಾರೆ. ಅವರು ಹಿಂದೆ ಯಾವಾಗ್ಲೋ ಕೇಳಿದ್ದಾರೆ, "ಎಷ್ಟು ಸಲ ಹೇಳಬೇಕು ನಿಮಗೆ" ಅನ್ನೋ ಉತ್ತರ ಬಂದಿದೆ, ಅದೂ ಗ್ರೂಪಲ್ಲಿ, ಡ್ರೈವರ್ರಿಂದ ಹಿಡಿದು ಅಕೌಂಟ್ಸಿನವರ ತನಕ ಎಲ್ರೂ ನೋಡೋ ಹಾಗೆ. ಅವತ್ತಿಂದ ಅವರು ಕೇಳೋದು ಬಿಟ್ರು, ಹೆಬ್ಬೆರಳು ಹಾಕೋದು ಕಲಿತ್ರು. ಊಹೆ ಮಾಡಿ ತಪ್ಪಾದ್ರೆ ಒಂದು ಸಲ ಬೈಗುಳ, ಕೇಳಿದ್ರೆ ಈಗಲೇ ಬೈಗುಳ, ಯಾರು ತಾನೇ ಏನು ಆರಿಸ್ಕೊಳ್ತಾರೆ? ಗ್ರೂಪಲ್ಲಿ ಒಬ್ಬರನ್ನ ಬೈಯೋದು ನನ್ನ ಪ್ರಕಾರ ದೊಡ್ಡ ತಪ್ಪು, ಅದು ಆ ಒಬ್ಬರ ಮನಸ್ಸು ನೋಯಿಸೋದು ಅಷ್ಟೇ ಅಲ್ಲ, ನೋಡ್ತಾ ಇರೋ ಎಲ್ರೂ ಅವತ್ತೇ ಪಾಠ ಕಲೀತಾರೆ, ಕೆಟ್ಟ ಸುದ್ದಿ ಮೇಲೆ ಕಳಿಸಬಾರದು ಅಂತ. ಆಮೇಲೆ ಪಲ್ಪರ್ ಬೆಲ್ಟ್ ಕಿತ್ತುಹೋಗಿದ್ದು ಆಫೀಸಿಗೆ ಗೊತ್ತಾಗೋದು ಹಣ್ಣು ರಾಶಿಲಿ ಬಿದ್ದು ಹುಳಿ ವಾಸನೆ ಬಂದ ಮೇಲೆ. ರೈಟರ್, ಮೇಸ್ತ್ರಿ ಎಲ್ಲ ತಾವೇ ರಿಪೇರಿ ಮಾಡಿ ಮುಗಿಸೋಕೆ ನೋಡಿರ್ತಾರೆ, ಹೇಳಿದ್ರೆ ಬಿಡಿಭಾಗ ಬೆಳಿಗ್ಗೆನೇ ಕಳಿಸಬಹುದಿತ್ತು.

ಅದಕ್ಕೆ ನನ್ನ ಮಾತು ಮೇಲಿರೋರಿಗೆ. ಕಮ್ಯುನಿಕೇಶನ್ ಸ್ಕಿಲ್ ಅಂತ ಟ್ರೇನಿಂಗ್ ಕೊಡಿಸೋದು ಯಾವಾಗ್ಲೂ ಕೆಳಗಿನವರಿಗೆ, ಅವರಿಗೆ ಇಂಗ್ಲಿಷ್ ಬರಲ್ಲ, ಮೆಸೇಜ್ ಓದಲ್ಲ ಅಂತ. ವಾಪಸ್ ಕೇಳೋ ದಾರಿ ತೆರೆಯೋದು, ಮುಚ್ಚೋದು ಎರಡೂ ಇರೋದು ಮೇಲಿನವರ ಕೈಲಿ. ನೀವೇ ಮೊದಲು ಹೇಳಬೇಕು, "ನಾನು ಅವಸರದಲ್ಲಿ ಹೇಳಿದ್ದೀನಿ, ಬಿಟ್ಟುಹೋಗಿರಬಹುದು, ನೀವು ಹೇಗೆ ಮಾಡ್ತೀರಾ ಅಂತ ಒಂದ್ಸಲ ನನಗೆ ಹೇಳಿ" ಅಂತ. "ಅರ್ಥ ಆಯ್ತಾ?" ಅಂತ ಕೇಳಿದ್ರೆ ಆಯ್ತು ಸಾರ್ ಅಂತಲೇ ಬರೋದು, ಬೇರೆ ಉತ್ತರಕ್ಕೆ ಆ ಪ್ರಶ್ನೇಲಿ ಜಾಗವೇ ಇಲ್ಲ. ಹೇಗೆ ಮಾಡ್ತೀರಾ ಅಂತ ಕೇಳಿದ್ರೆ ಮಾತ್ರ ಒಳಗಿರೋದು ಹೊರಗೆ ಬರುತ್ತೆ.

ನಮ್ಮ ಆಫೀಸಲ್ಲಿ ಆ ಲೋಡಿನ ಗಲಾಟೆ ಆದ ಮೇಲೆ ಮಾಡ್ಕೊಂಡ ಏರ್ಪಾಡು ತುಂಬಾ ಸರಳ. ಲೋಡಿನ ಮೆಸೇಜ್ ಅಂದ್ರೆ ಯಾವ ಕಾಫಿ, ಎಷ್ಟು ಚೀಲ, ಯಾವ ಗೋಡೌನ್, ಯಾವ ತಾರೀಕು ಎಷ್ಟು ಗಂಟೆ, ಯಾರ ಗಾಡಿ, ಇದೇ ಸಾಲಲ್ಲಿ ಬರೀಬೇಕು, ಒಂದು ಬಿಟ್ರೂ ರೈಟರ್ ಲೋಡ್ ಮಾಡೋ ಹಾಗಿಲ್ಲ. ರೈಟರ್ ವಾಯ್ಸ್ ಮೆಸೇಜಲ್ಲಿ ತಮ್ಮ ಮಾತಲ್ಲೇ ವಾಪಸ್ ಹೇಳ್ತಾರೆ. "ಸಾರ್, ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಅವರದ್ದೇ ಗಾಡಿ, ಕೆಳಗಿನ ಗೋಡೌನಿಂದ ಪಾರ್ಚ್‌ಮೆಂಟ್ 80 ಚೀಲ, ಆದ್ರೆ ನಮ್ಮತ್ರ ಒಣಗಿರೋದು 64 ಮಾತ್ರ ಇದೆ, ಮಿಕ್ಕಿದ್ದು ಇನ್ನೂ ಎರಡು ಬಿಸಿಲು ಬೇಕು." ನೋಡಿ, ಆ ಕೊನೇ ಮಾತು ಹೆಬ್ಬೆರಳಿನ ಚಿತ್ರದಲ್ಲಿ ಬರ್ತಿತ್ತಾ? ಬರೆಯೋಕೆ ಕಷ್ಟ ಇರೋರು ಬಾಯಲ್ಲಿ ಎಷ್ಟು ಚೆನ್ನಾಗಿ ಹೇಳ್ತಾರೆ, ಧ್ವನಿಲೇ ಗೊತ್ತಾಗುತ್ತೆ ಧೈರ್ಯದಿಂದ ಹೇಳ್ತಿದ್ದಾರಾ, ಅನುಮಾನದಿಂದ ಹೇಳ್ತಿದ್ದಾರಾ ಅಂತ. ಅಂಕಿ ಮಾತ್ರ ಟೈಪ್ ಮಾಡಿಸ್ತೀವಿ, ತಿಂಗಳಾದ ಮೇಲೆ ವಾಯ್ಸಲ್ಲಿ ಹುಡುಕೋಕೆ ಆಗಲ್ಲ ಅಂತ. ಕೆಟ್ಟ ಸುದ್ದಿಗೆ ಮೆಸೇಜ್ ಬೇಡ, ಫೋನ್ ಮಾಡಿ ಅಂದಿದ್ದೀವಿ, ತಪ್ಪಾಗಿದ್ರೆ ಹೇಳೋದು ಒಬ್ಬರಿಗೊಬ್ಬರು, ಗ್ರೂಪಲ್ಲಿ ಅಲ್ಲ.

ಎಲ್ಲಾ ಕಡೆ ನಡೀತಿದೆ ಅಂತ ಹೇಳಲ್ಲ. ವಯಸ್ಸಾದ ಒಬ್ಬ ರೈಟರ್ ಇದ್ದಾರೆ, ಟೆಲಿಗ್ರಾಂ ಕಾಲದಿಂದ ತೋಟದ ಲೆಕ್ಕ ಬರೆದವರು, ವಾಪಸ್ ಹೇಳಿ ಅಂದ್ರೆ ನನ್ನ ಮೇಲೆ ನಂಬಿಕೆ ಇಲ್ವಾ ಅಂತ ಬೇಜಾರು ಮಾಡ್ಕೊಳ್ತಾರೆ. ಅವರ ಹತ್ರ ನಾವು ಹಾಗೆ ಕೇಳಲ್ಲ, "ಅಣ್ಣ, ಕಣದಲ್ಲಿ ಹೇಗಿದೆ ಪರಿಸ್ಥಿತಿ" ಅಂತ ಮಾತು ಶುರು ಮಾಡಿದ್ರೆ ಐದು ನಿಮಿಷದಲ್ಲಿ ಬೇಕಾದ್ದೆಲ್ಲ ಅವರೇ ಹೇಳ್ತಾರೆ, ಕೇಳದೆ ಇದ್ದದ್ದನ್ನೂ ಹೇಳ್ತಾರೆ.

ಇನ್ನೂ ಬಗೆಹರಿಯದ ಒಂದು ವಿಷಯ ಇದೆ, ಬ್ಲಾಕುಗಳ ಹೆಸರು. ಆಫೀಸಿನ ಮ್ಯಾಪಲ್ಲಿ ಬ್ಲಾಕ್ ಒಂದು, ಎರಡು, ಮೂರು ಅಂತ ನಂಬರ್, ಅದನ್ನ ಹಾಕಿದ್ದು ಸರ್ವೆ ಮಾಡಿಸಿದಾಗ. ಆಳುಗಳ ಬಾಯಲ್ಲಿ ಅವೇ ಜಾಗ ಹೊಳೆ ಬದಿ, ಹಲಸಿನ ಮರದ ತೋಟ, ಹಳೇ ಕಣದ ಹಿಂದೆ, ಮೇಲಿನ ಬಾಣೆ. ಬ್ಲಾಕ್ ನಾಲ್ಕಕ್ಕೆ ನೀರು ಹಾಯಿಸಿ ಅಂತ ಮೆಸೇಜ್ ಹೋದ್ರೆ ಮೇಸ್ತ್ರಿ ರೈಟರ್ ಹತ್ರ ಓಡಿ ಬಂದು ಅದು ಯಾವುದು ಅಂತ ಕೇಳಬೇಕು, ರೈಟರ್ ಇಲ್ಲದಿದ್ರೆ ಪೈಪು ಹೊತ್ಕೊಂಡು ತಪ್ಪು ಕಡೆ ಹೋಗ್ತಾರೆ. ಕಾಫಿ ಹೂ ಅರಳಿಸೋ ಹೂ ಮಳೆ ಕೈಕೊಟ್ಟ ವರ್ಷ ರೋಬಸ್ಟಾಗೆ ನೀರು ಹಾಯಿಸೋಕೆ ಇರೋದೇ ಕೆಲವು ದಿನ, ಆಗ ಇದೆಲ್ಲ ತಡ್ಕೊಳ್ಳೋಕೆ ಆಗಲ್ಲ. ಹುತ್ತರಿ ಹಬ್ಬ ಕಳೆದು ಕೊಯ್ಲಿನ ಭರಾಟೆ ಶುರುವಾಗೋ ಮುಂಚೆ ಒಂದು ದಿನ ಮೇಸ್ತ್ರಿಗಳನ್ನ ಕರ್ಕೊಂಡು ತೋಟ ಸುತ್ತಬೇಕು ಅಂತ ಮಾತಾಗಿದೆ. ಅವರು ಕರೆಯೋ ಹೆಸರನ್ನ ರಿಜಿಸ್ಟರಲ್ಲಿ ನಂಬರ್ ಪಕ್ಕ ಬರೆಯೋದು, ಮೆಸೇಜಲ್ಲಿ ಇನ್ಮೇಲೆ ಆ ಹೆಸರನ್ನೇ ಬಳಸೋದು. ಸಿದ್ದಾಪುರ ಕಡೆಯ ತೋಟದಿಂದ ಶುರು ಮಾಡ್ತೀವಿ, ಅಲ್ಲಿನ ಮೇಸ್ತ್ರಿ ಆಗಲೇ ಫೋನ್ ಮಾಡಿ ಕೇಳಿದ್ರು, ಒಂದೇ ಜಾಗಕ್ಕೆ ಎರಡು ಹೆಸರಿದ್ರೆ ಯಾವುದು ಬರೀಬೇಕು ಅಂತ. ಎರಡೂ ಬರೀರಿ ಅಂದೆ.